ಐವತ್ತು ವರ್ಷದ ಮಳೆಗೆ ಎಷ್ಟು ಜಾಗ ಬೇಕು?

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಇನ್ನರ್ಧ ಕಾರಣ ನಮ್ಮ ತಾತನ ಮಳೆ ಪುಸ್ತಕಗಳು. ಎಂಟು ತಿಂಗಳು ನಾನು, ನನ್ನ ತಂಗಿ ಇಬ್ಬರೂ ಶನಿವಾರ ಭಾನುವಾರ ಅಂತ ನೋಡದೆ ಅದನ್ನೇ ಟೈಪು ಮಾಡುತ್ತಾ ಕೂತಿದ್ದೆವು. ಮೊನ್ನೆ ಮುಗಿಯಿತು. ಅದರ ಬಗ್ಗೆಯೇ ಬರೆಯೋಣ ಅನ್ನಿಸಿತು.

ನಮ್ಮೂರು ಆಲೂರು ತಾಲೂಕು ಮುಗಿದು ಸಕಲೇಶಪುರ ತಾಲೂಕು ಶುರುವಾಗುವ ಕಡೆ. ಬಾಳ್ಳುಪೇಟೆಯಲ್ಲಿ ಬಸ್ಸಿಳಿದು ಒಳಗೆ ಹೋಗಬೇಕು. ಕಾಫಿ ತೋಟ, ಅಂಥಾ ದೊಡ್ಡದೇನಲ್ಲ. ಮನೆ ಮುಂದಿನ ಕಣದ ಮೂಲೆಯಲ್ಲಿ ಒಂದು ರೈನ್‌ಗೇಜ್ ಇದೆ. ಕಾಫಿ ಸೀಮೆಯವರಿಗೆ ಇದು ಗೊತ್ತು, ಬೇರೆಯವರಿಗೆ ಹೇಳುತ್ತೇನೆ. ಮೇಲೊಂದು ಆಲಿಕೆ, ಒಳಗೊಂದು ಬಾಟಲಿ, ಅಳೆಯೋಕೆ ಗೆರೆ ಇರುವ ಗಾಜಿನ ಲೋಟ. ಬೆಳಿಗ್ಗೆ ಹೋಗಿ ಹಿಂದಿನ 24 ಗಂಟೆಯಲ್ಲಿ ಬಿದ್ದ ಮಳೆ ಎಷ್ಟು ಅಂತ ಅಳೆದು ಬರೆದಿಡುವುದು. ಸರ್ಕಾರ ಎಲ್ಲಾ ಕಡೆ ಮಿಲಿಮೀಟರಿಗೆ ಬದಲಾಗಿದ್ದರೂ ನಮ್ಮ ಕಡೆ ತೋಟದವರು ಇವತ್ತಿಗೂ ಇಂಚು, ಸೆಂಟ್ಸ್ ಅಂತಲೇ ಮಾತಾಡುವುದು. ನೂರು ಸೆಂಟ್ಸ್‌ಗೆ ಒಂದಿಂಚು.

ಇದು ಹವ್ಯಾಸದ ಮಾತಲ್ಲ. ರೋಬಸ್ಟಾ ಕಾಫಿಗೆ ಬೇಸಿಗೆಯಲ್ಲಿ ಹೂಮಳೆ ಬೇಕು, ಸುಮಾರು ಒಂದಿಂಚು. ಅದೇ 20 ಸೆಂಟ್ಸ್ ಬಂದು ನಿಂತರೆ ಮೊಗ್ಗು ಅರ್ಧಂಬರ್ಧ ಎದ್ದು ಹಾಳಾಗುತ್ತದೆ. ಸ್ಪ್ರಿಂಕ್ಲರ್ ಹಾಕಬೇಕಾ ಬೇಡವಾ ಅಂತ ಆವತ್ತೇ ತೀರ್ಮಾನ ಮಾಡಬೇಕು. ಹಾಗಾಗಿ ಮಳೆ ಬಂದ ಮಾರನೇ ಬೆಳಿಗ್ಗೆ ಇಡೀ ಸೀಮೆಯಲ್ಲಿ ಒಂದೇ ಪ್ರಶ್ನೆ. "ನಿಮ್ಮಲ್ಲಿ ಎಷ್ಟ್ ಬಂತು?" ಪಶ್ಚಿಮಕ್ಕೆ, ಘಾಟಿ ಕಡೆಗೆ ಹೋದ ಹಾಗೆಲ್ಲ ಮಳೆ ಜಾಸ್ತಿ. ಬಿಸ್ಲೆ ಕಡೆ ಕುಂಭದ್ರೋಣ ಸುರಿಯುತ್ತಿದ್ದರೂ ಆಲೂರು ಪೇಟೆಯಲ್ಲಿ ಜನ ಛತ್ರಿ ಮಡಚಿಕೊಂಡು ಓಡಾಡುತ್ತಿರುತ್ತಾರೆ. ಪಕ್ಕದ ತೋಟದ ಲೆಕ್ಕ ನಮ್ಮ ತೋಟಕ್ಕೆ ಆಗುವುದಿಲ್ಲ.

ತಾತ 1968ರ ಜನವರಿ 1ರಿಂದ 2017ರ ಡಿಸೆಂಬರ್ 31ರವರೆಗೆ ಬರೆದಿದ್ದಾರೆ. ಸರಿಯಾಗಿ ಐವತ್ತು ವರ್ಷ. ವರ್ಷಕ್ಕೊಂದು ಪುಸ್ತಕ, ತಿಂಗಳಿಗೊಂದು ಪುಟ. ನಾಲ್ಕು ಕಾಲಮ್ಮು: ದಿನಾಂಕ, ಇಂಚು, ಸೆಂಟ್ಸ್, ಷರಾ. ಮಳೆ ಬರದ ದಿನ ಖಾಲಿ ಬಿಟ್ಟಿಲ್ಲ, ಸೊನ್ನೆ ಹಾಕಿದ್ದಾರೆ. ಚಿಕ್ಕವನಿದ್ದಾಗ ಒಂದು ಸಲ ಕೇಳಿದ್ದೆ, ಮಳೇನೇ ಇಲ್ಲದ ಫೆಬ್ರವರಿಯಲ್ಲಿ ದಿನಾ ಸೊನ್ನೆ ಯಾಕೆ ತಾತ ಅಂತ. "ಬರೀದೆ ಬಿಟ್ರೆ ಮಳೆ ಬರ್ಲಿಲ್ಲ ಅಂತಲೋ, ನಾನ್ ನೋಡ್ಲಿಲ್ಲ ಅಂತಲೋ? ಆಮೇಲ್ ನೋಡೋನಿಗೆ ಹೆಂಗ್ ಗೊತ್ತಾಗ್ಬೇಕು?" ಅಂದಿದ್ದರು. ಆಮೇಲೆ ಇಂಜಿನಿಯರಿಂಗ್ ಓದುವಾಗ ಸೊನ್ನೆ ಬೇರೆ, ನಲ್ ಬೇರೆ ಅಂತ ಮೇಷ್ಟ್ರು ಒಂದು ಗಂಟೆ ಪಾಠ ಮಾಡಿದರು. ನನಗದು ಐದು ನಿಮಿಷಕ್ಕೇ ಅರ್ಥವಾಗಿತ್ತು :)

ಪುಸ್ತಕಗಳಿಗೆ ಗೆದ್ದಲು ಹತ್ತಲು ಶುರುವಾಗಿತ್ತು. ಮಳೆಗಾಲದ ಥಂಡಿಗೆ ಕೆಲವು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೊದಲು ಎಲ್ಲಾ ಪುಟದ ಫೋಟೋ ತೆಗೆದೆ. 600 ಫೋಟೋ, ಒಂದೊಂದು ಸುಮಾರು 4 ಎಂಬಿ. ಒಟ್ಟು 2,400 ಎಂಬಿ. ಆದರೆ ಫೋಟೋಗೆ "1983ರಲ್ಲಿ ಜೂನ್ ಮಳೆ ಎಷ್ಟು" ಅಂತ ಕೇಳೋಕಾಗಲ್ಲವಲ್ಲ. ಡೇಟಾಬೇಸಿಗೆ ಹಾಕೋಣ ಅಂತ ತೀರ್ಮಾನವಾಯಿತು. ತಿಂಗಳ ಬಾಡಿಗೆಗೆ ಸಿಗುವುದರಲ್ಲಿ ಅತೀ ಚಿಕ್ಕ ಸರ್ವರ್ ನೋಡಿಟ್ಟಿದ್ದೆ. ಹಿಡಿಸುತ್ತಾ ಅಂತ ಮೊದಲೇ ಅಂದಾಜು ಮಾಡಬೇಕಿತ್ತು. ಆಫೀಸಿನಲ್ಲಿ ನಾನು ಸಂಬಳ ತಗೊಳ್ಳುವುದೇ ಇಂಥಾ ಕೆಲಸಕ್ಕೆ.

ಇಂಜಿನಿಯರ್ ಅಲ್ಲದವರು ಹೆದರಬೇಡಿ, ಬರೀ ಕೂಡುವುದು ಗುಣಿಸುವುದು ಅಷ್ಟೇ.

ಮೊದಲು ಸಾಲು ಎಷ್ಟು? 50 ವರ್ಷ, ನಡುವೆ 13 ಅಧಿಕ ವರ್ಷ. 18,263 ದಿನ, ಅಷ್ಟೇ ಸಾಲು. ಒಂದು ಸಾಲಿಗೆ ಎಷ್ಟು? ನಾನು ಬಳಸಿದ್ದು ಪೋಸ್ಟ್‌ಗ್ರೆಸ್. ಅದರಲ್ಲಿ ದಿನಾಂಕಕ್ಕೆ 4 ಬೈಟ್. ಮಳೆಯನ್ನು ಸೆಂಟ್ಸ್‌ನಲ್ಲಿ ಪೂರ್ಣಾಂಕವಾಗಿ ಇಟ್ಟರೆ 2 ಬೈಟ್ ಸಾಕು. ಷರಾ ಬಿಟ್ಟರೆ ದಿನಕ್ಕೆ 6 ಬೈಟ್. 18,263ಕ್ಕೆ ಗುಣಿಸಿದರೆ 107 ಕೆಬಿ. ಕಾಲೇಜಿನಲ್ಲಿದ್ದಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ.

ಆದರೆ ಡೇಟಾಬೇಸ್ ಪ್ರತಿ ಸಾಲಿಗೂ ತನ್ನದೇ ಆದ ಒಂದು ಚೀಟಿ ಅಂಟಿಸುತ್ತದೆ. ಈ ಸಾಲನ್ನು ಯಾವ ವ್ಯವಹಾರ ಬರೆಯಿತು, ಅಳಿಸಿದ್ದಾರಾ, ಯಾವ ಕಾಲಮ್ ಖಾಲಿ ಇದೆ, ಇತ್ಯಾದಿ. ಅದಕ್ಕೆ 24 ಬೈಟ್. ನಮ್ಮ 6 ಬೈಟನ್ನು ಎಂಟರ ಲೆಕ್ಕಕ್ಕೆ ಸರಿಮಾಡಲು ಇನ್ನೆರಡು ಸೇರಿಸುತ್ತದೆ, ಅಲ್ಲಿಗೆ 32. ಆ ಸಾಲು ಪೇಜಿನಲ್ಲಿ ಎಲ್ಲಿದೆ ಅಂತ ಹೇಳಲು ಇನ್ನೂ 4. ಒಟ್ಟು 36 ಬೈಟ್. ಒಂದು ಪೇಜ್ 8,192 ಬೈಟ್, ಅದರ ತಲೆಬರಹಕ್ಕೆ 24 ಹೋದರೆ ಪೇಜಿಗೆ 226 ಸಾಲು ಹಿಡಿಸುತ್ತದೆ. 81 ಪೇಜ್, ಅಂದರೆ 648 ಕೆಬಿ. 107 ಅಂದುಕೊಂಡಿದ್ದು 648 ಆಯಿತು. ಅಕ್ಕಿಗಿಂತ ಚೀಲವೇ ಭಾರ ಅನ್ನೋ ಹಾಗೆ.

ದಿನಾಂಕ ಹಾಕಿ ಬೇಗ ಹುಡುಕೋಕೆ ಇಂಡೆಕ್ಸ್ ಬೇಕು. ಅದು ಟೇಬಲ್‌ನಿಂದ ಹೊರಗೆ, ಬೇರೆಯೇ ಲೆಕ್ಕ. ಒಂದು ನಮೂದಿಗೆ 20 ಬೈಟ್, ಪೇಜಿನಲ್ಲಿ ಶೇಕಡಾ 10ರಷ್ಟು ಜಾಗ ಮುಂದಕ್ಕೆ ಅಂತ ಖಾಲಿ. ಹೆಚ್ಚೂಕಮ್ಮಿ 400 ಕೆಬಿ. ತುಂಬಾ ಜನ ಅಂದಾಜು ಮಾಡುವಾಗ ಇದನ್ನು ಮರೆತೇ ಬಿಡುತ್ತಾರೆ.

ಇನ್ನು ಉಳಿದದ್ದು ಷರಾ.

1968ರ ಜನವರಿ ಪುಟ ನೋಡಿದೆ. 31 ದಿನದಲ್ಲಿ ಎರಡು ಕಡೆ ಮಾತ್ರ ಏನೋ ಬರೆದಿದ್ದರು. "ಮಂಜು ಜಾಸ್ತಿ" ಅಂತ ಒಂದು, ಗೊಬ್ಬರದ ಗಾಡಿ ಬಂದದ್ದು ಇನ್ನೊಂದು. ಸರಿ, ತಿಂಗಳಿಗೆರಡು ಷರಾ, ಒಂದೊಂದು 30 ಅಕ್ಷರ, ಅಕ್ಷರಕ್ಕೊಂದು ಬೈಟ್. ಐವತ್ತು ವರ್ಷಕ್ಕೆ ಸುಮಾರು 1,200 ಷರಾ, 35 ಕೆಬಿ. ಟೇಬಲ್ ಒಟ್ಟು 700 ಕೆಬಿ ಒಳಗೆ ಅಂತ ಬರೆದಿಟ್ಟುಕೊಂಡೆ.

ಎಲ್ಲಾ ಟೈಪು ಮಾಡಿ ಮುಗಿದ ಮೇಲೆ ನಿಜವಾದ ಗಾತ್ರ ಕೇಳಿದರೆ ಬಂದದ್ದು 1.8 ಎಂಬಿ. ಇಂಡೆಕ್ಸ್ ಬೇರೆ. ಎರಡೂವರೆ ಪಟ್ಟು ತಪ್ಪು! ಅದೂ ಇದೇ ಕೆಲಸ ಮಾಡಿಕೊಂಡಿರುವವನದ್ದು.

ಎಲ್ಲಿ ತಪ್ಪಿದೆ ಅಂತ ಕೂತು ನೋಡಿದರೆ ಎರಡು ಕಡೆ.

ಒಂದನೆಯದು ಬೈಟ್ ಲೆಕ್ಕ. ಇಲ್ಲಿ ಓದುವವರೆಲ್ಲ ಕನ್ನಡದಲ್ಲಿ ಬರೆಯುವವರೇ ಆದ್ದರಿಂದ ಇದು ನಿಮಗೂ ಸಂಬಂಧಪಟ್ಟದ್ದು. ನಾವೀಗ ಬರೆಯುವ ಯೂನಿಕೋಡ್ ಪಠ್ಯ ಸಾಮಾನ್ಯವಾಗಿ ಯುಟಿಎಫ್-8 ಅನ್ನೋ ರೂಪದಲ್ಲಿ ಉಳಿಯುತ್ತದೆ. ಅದರಲ್ಲಿ ಮೊದಲ 128 ಸಂಖ್ಯೆಗೆ, ಅಂದರೆ ಇಂಗ್ಲಿಷಿಗೆ, ಒಂದು ಬೈಟ್. ಅಲ್ಲಿಂದ 2047ರವರೆಗೆ ಎರಡು ಬೈಟ್. ಗ್ರೀಕ್, ರಷ್ಯನ್, ಅರಬ್ಬಿ ಎಲ್ಲ ಆ ಸಾಲಿನಲ್ಲಿ ಜಾಗ ಹಿಡಿದಿವೆ. ಕನ್ನಡ ಶುರುವಾಗುವುದು 3200ರಲ್ಲಿ. ಹಾಗಾಗಿ ನಮಗೆ ಮೂರು ಬೈಟ್. ಅದೂ ಅಕ್ಷರಕ್ಕಲ್ಲ, ಪ್ರತಿ ವ್ಯಂಜನಕ್ಕೂ, ಪ್ರತಿ ಗುಣಿತಕ್ಕೂ, ಪ್ರತಿ ಅರ್ಧಾಕ್ಷರದ ಚಿಹ್ನೆಗೂ ಬೇರೆ ಬೇರೆ ಮೂರು. "ಶ್ರೀ" ನಮಗೆ ಒಂದಕ್ಷರ. ಯಂತ್ರಕ್ಕೆ ಶ, ಅರ್ಧಾಕ್ಷರದ ಚಿಹ್ನೆ, ರ, ದೀರ್ಘ ಗುಣಿತ, ಹೀಗೆ ನಾಲ್ಕು. 12 ಬೈಟ್. "ಸಕಲೇಶಪುರ" 24 ಬೈಟ್. ಅದನ್ನೇ ಇಂಗ್ಲಿಷಿನಲ್ಲಿ ಬೋರ್ಡಿನಲ್ಲಿರುವಂತೆ ಬರೆದರೆ 10.

ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಇದರಲ್ಲೇ ಏಟು ತಿಂದಿದ್ದೆ. ಒಂದು ಟೇಬಲ್‌ನಲ್ಲಿ ಹೆಸರಿನ ಕಾಲಮ್ಮಿಗೆ 30 ಅಂತ ಅಳತೆ ಕೊಟ್ಟಿದ್ದೆ. ಪರೀಕ್ಷೆಗೆ ಇಂಗ್ಲಿಷ್ ಹೆಸರು ಹಾಕಿ ನೋಡಿದ್ದು, ಎಲ್ಲಾ ಸರಿ ಇತ್ತು. ಆ 30 ಅನ್ನುವುದು ಅಕ್ಷರವಲ್ಲ, ಬೈಟ್. ಕನ್ನಡ ಹೆಸರುಗಳು ಬಂದ ಮೊದಲ ದಿನವೇ "ಚನ್ನಕೇಶವಮೂರ್ತಿ" ಹೊಸ್ತಿಲಲ್ಲಿ ಸಿಕ್ಕಿಕೊಂಡರು. ಇಂಗ್ಲಿಷಿನಲ್ಲಿ 19 ಬೈಟ್, ಕನ್ನಡದಲ್ಲಿ 42. ಬೇಲೂರು ಪಕ್ಕದ ಸೀಮೆಯವನಾಗಿ ಆ ಹೆಸರಿಗೆ ಜಾಗ ಇಡದೆ ಹೋದೆನಲ್ಲ ಅಂತ ನಾಚಿಕೆಯಾಗಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಸರಿಮಾಡಿದ್ದು ಇನ್ನೂ ನೆನಪಿದೆ. ಕಾಲಮ್ಮಿನ ಅಳತೆಯನ್ನು ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಅಕ್ಷರಚಿಹ್ನೆಗಳಲ್ಲಿ ಎಣಿಸುತ್ತವೆ. ಒರಾಕಲ್‌ನಲ್ಲಿ ಬೇರೆ ಹೇಳದಿದ್ದರೆ ಅದು ಬೈಟ್ ಲೆಕ್ಕ. ಕನ್ನಡದ ದತ್ತಾಂಶ ಇಟ್ಟುಕೊಳ್ಳುವವರು ಇದೊಂದನ್ನು ಮೊದಲೇ ವಿಚಾರಿಸಿಕೊಳ್ಳಿ. ಅಷ್ಟೆಲ್ಲ ಆದಮೇಲೂ ತಾತನ ಷರಾಕ್ಕೆ ಅಕ್ಷರಕ್ಕೊಂದು ಬೈಟ್ ಹಾಕಿದೆ ನೋಡಿ. ಅಭ್ಯಾಸಬಲ, ಏನು ಮಾಡೋದು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ನಾನು ಅಂದಾಜಿಗೆ ತೆಗೆದುಕೊಂಡ ಪುಟ ಜನವರಿಯದ್ದು. ಜನವರಿ ನಮ್ಮಲ್ಲಿ ಕಾಫಿ ಕೊಯ್ಲು. ತಾತನಿಗೆ ಬಿಡುವಿಲ್ಲ, ಬರೆಯೋಕೆ ಮಳೆಯೂ ಇಲ್ಲ. ಜೂನ್, ಜುಲೈ, ಆಗಸ್ಟ್ ಪುಟ ತೆಗೆದರೆ ದಿನಾ ಷರಾ. ಅದೂ ಎರಡೆರಡು ಸಾಲು, ಅಂಚಿನಲ್ಲೂ ಬರೆದಿದ್ದಾರೆ. ಮಳೆ ಹಿಡಿದ ದಿನ ತೋಟಕ್ಕೆ ಇಳಿಯೋಕಾಗಲ್ಲ. ಕಂಬಳಿ ಹೊದ್ದು ಜಗಲಿಯಲ್ಲಿ ಕೂತು ಬರೆಯುತ್ತಿದ್ದರು. ಹಳ್ಳ ತುಂಬಿದೆ, ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಕರೆಂಟ್ ಹೋಗಿ ಐದು ದಿನ. ಕೆಳಗಿನ ಗದ್ದೆಯಲ್ಲಿ ಆನೆ ಇಳಿದು ಬಾಳೆ ತುಳಿದಿದೆ. ಲೈನ್ ಮನೆಯ ಹೆಂಚು ಹಾರಿತು. ಹಸು ಕರು ಹಾಕಿತು, ಹೆಣ್ಣು. ಹೀಗೆ 7,300 ದಿನಗಳಿಗೆ ಷರಾ ಇದೆ. ಸರಾಸರಿ ಒಂದಕ್ಕೆ 158 ಬೈಟ್. ನಾನು 35 ಕೆಬಿ ಅಂದುಕೊಂಡ ಕಾಲಮ್ಮು 1,100 ಕೆಬಿ ದಾಟಿತ್ತು. ಮೂವತ್ತು ಪಟ್ಟು! ಸಾಲುಗಳ ಚೀಟಿ, ತಲೆಬರಹ ಎಲ್ಲ ಸರಿಯಾಗಿ ಲೆಕ್ಕ ಹಾಕಿದ್ದರಿಂದ ಒಟ್ಟು ಮೊತ್ತದಲ್ಲಿ ಮಾನ ಉಳಿಯಿತು ಅಷ್ಟೇ. ಇದೇ ತಪ್ಪನ್ನು ಆಫೀಸಿನ ಹತ್ತು ಕೋಟಿ ಸಾಲಿನ ಟೇಬಲ್‌ನಲ್ಲಿ ಮಾಡಿದ್ದರೆ ಡಿಸ್ಕ್ ತುಂಬಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಮೊದಲು ಸಿಕ್ಕ ನಾಲ್ಕು ಸಾಲು ನೋಡಿ ಸರಾಸರಿ ತೆಗೆಯಬಾರದು ಅನ್ನುವುದು ನಮ್ಮ ಕೆಲಸದ ಮೊದಲ ಪಾಠ. ಅಲ್ಲೊಂದು ಇಲ್ಲೊಂದು ಅಂತ ಎಲ್ಲಾ ಕಾಲದಿಂದಲೂ ಹೆಕ್ಕಿ ನೋಡಬೇಕು. ಅದಕ್ಕಿಂತ ಬೇಜಾರಿನ ವಿಷಯ ಅಂದರೆ ಸರಿಯಾದ ಅಂದಾಜು ನನ್ನ ಕಣ್ಣೆದುರೇ ಇತ್ತು. ತಾತ ಪ್ರತಿ ವರ್ಷ ಡಿಸೆಂಬರಿನಲ್ಲಿ ಸಕಲೇಶಪುರದಿಂದ ಹೊಸ ಪುಸ್ತಕ ತಂದು, ಹನ್ನೆರಡು ತಿಂಗಳಿಗೂ ಒಂದೇ ದಿನ ಸ್ಕೇಲ್ ಇಟ್ಟು ಗೆರೆ ಹಾಕುತ್ತಿದ್ದರು. ದಿನಾಂಕಕ್ಕೆ ಒಂದು ಬೆರಳಗಲ, ಇಂಚಿಗೆ ಒಂದು, ಸೆಂಟ್ಸ್‌ಗೆ ಒಂದು. ಷರಾಕ್ಕೆ ಅರ್ಧ ಪುಟಕ್ಕಿಂತ ಜಾಸ್ತಿ. ಯಾವುದಕ್ಕೆ ಎಷ್ಟು ಜಾಗ ಬೇಕು ಅಂತ ಅವರಿಗೆ ಗೊತ್ತಿತ್ತು. ನಾನು ಆ ಗೆರೆಗಳನ್ನೇ 600 ಸಲ ಫೋಟೋ ತೆಗೆದೂ ನೋಡಲಿಲ್ಲ.

ಇನ್ನೊಂದು ತಮಾಷೆ ನಡೆಯಿತು. ಟೈಪು ಮಾಡುವಾಗ ಮಳೆ ಸಂಖ್ಯೆಗಳಲ್ಲಿ ಏನೋ ಎಡವಟ್ಟು ಮಾಡಿ, ಇಡೀ ಟೇಬಲ್‌ಗೆ ಒಂದು ಅಪ್‌ಡೇಟ್ ಓಡಿಸಿದೆ. ಗಾತ್ರ ನೋಡಿದರೆ ಎರಡರಷ್ಟು! ಪೋಸ್ಟ್‌ಗ್ರೆಸ್ ಹಳೇ ಸಾಲನ್ನು ಆ ಕ್ಷಣಕ್ಕೆ ಅಳಿಸುವುದಿಲ್ಲ. ಹೊಸ ಪ್ರತಿ ಬರೆದು, ಹಳೆಯದನ್ನು ವ್ಯಾಕ್ಯೂಮ್ ಆಗುವವರೆಗೆ ಹಾಗೇ ಇಟ್ಟಿರುತ್ತದೆ. ಆಮೇಲೂ ಆ ಜಾಗ ಮುಂದಿನ ಸಾಲುಗಳಿಗೆ ಸಿಗುತ್ತದೆಯೇ ಹೊರತು ಫೈಲು ಸಾಮಾನ್ಯವಾಗಿ ಚಿಕ್ಕದಾಗುವುದಿಲ್ಲ. ಪೂರ್ತಿ ಬರೆದು ಕೊಡು ಅಂತ ಹೇಳಬೇಕು. ಅಂದಾಜಿನಲ್ಲಿ ತಿದ್ದುಪಡಿಗೂ ಜಾಗ ಇಟ್ಟುಕೊಳ್ಳಿ ಅಂತ ಇದರ ಅರ್ಥ. ತಾತನೂ ರಬ್ಬರ್ ಬಳಸುತ್ತಿರಲಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯುವುದು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

2018ರ ಜನವರಿಯಲ್ಲಿ ತಾತ ಆಸ್ಪತ್ರೆ ಸೇರಿದರು. ಶಿವರಾತ್ರಿ ಹೊತ್ತಿಗೆ ಇರಲಿಲ್ಲ. ಆ ವರ್ಷದ ಪುಸ್ತಕವನ್ನು ಡಿಸೆಂಬರಿನಲ್ಲೇ ತಂದು, ಮೊದಲ ಪುಟದಲ್ಲಿ ಇಸವಿ ಬರೆದು, ಹನ್ನೆರಡು ತಿಂಗಳಿಗೂ ಗೆರೆ ಹಾಕಿಟ್ಟಿದ್ದರು. ನಾನು ಕೊನೇ ಸೆಮಿಸ್ಟರ್. ಪರೀಕ್ಷೆ ಮುಗಿದು ಜುಲೈನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರೆಗೆ ಒಂದು ತಿಂಗಳು ಮನೆಯಲ್ಲೇ ಇದ್ದೆ. ಜೂನ್ ಮಳೆ ಹೊಯ್ಯುತ್ತಿತ್ತು. ಕಣದ ಮೂಲೆಯಲ್ಲಿ ರೈನ್‌ಗೇಜ್ ಇತ್ತು. ದಿನಾ ಅದರ ಪಕ್ಕದಲ್ಲೇ ಓಡಾಡಿದ್ದೇನೆ. ಅಳೆಯಲಿಲ್ಲ. ಅಪ್ಪ ಅಳೆಯುತ್ತಾರೆ ಅಂತ ನಾನು, ಓದಿದವನು ಮನೆಯಲ್ಲಿದ್ದಾನೆ ಅಂತ ಅಪ್ಪ. ನಿಜ ಹೇಳಬೇಕಂದರೆ ಆ ಪುಸ್ತಕ ತೆಗೆಯೋಕೆ ಇಬ್ಬರಿಗೂ ಧೈರ್ಯ ಇರಲಿಲ್ಲ.

ಆ ವರ್ಷ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. ನಮ್ಮ ಕಡೆ ಶಿರಾಡಿ ಘಾಟಿ ಬಂದ್ ಆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಳಿ ಮೇಲೆ ಮಣ್ಣು ಬಿದ್ದು ವಾರಗಟ್ಟಲೆ ರೈಲು ನಿಂತಿತು. ಸುತ್ತಮುತ್ತಲ ತೋಟದವರೆಲ್ಲ ಅಪ್ಪನಿಗೆ ಫೋನ್ ಮಾಡಿ ಕೇಳಿದ್ದು ಅದನ್ನೇ, "ನಿಮ್ಮಲ್ಲಿ ಎಷ್ಟ್ ಬಂತು?" ಐವತ್ತು ವರ್ಷದ ಲೆಕ್ಕ ಇರುವ ಮನೆ ಅಂತ. ಅಪ್ಪ ಹೋಗಿ ನೋಡಿದರೆ ಬಾಟಲಿ ತುಂಬಿ ಹೊರಗೆ ಹರಿಯುತ್ತಿತ್ತಂತೆ. ಎಷ್ಟು ದಿನದ್ದು ಅಂತ ಯಾರಿಗೂ ಗೊತ್ತಿಲ್ಲ.

2019ರ ಜನವರಿ 1ರಿಂದ ಅಪ್ಪ ಬರೆಯಲು ಶುರುಮಾಡಿದರು. ಯಾರೂ ಹೇಳಲಿಲ್ಲ, ಅವರೇ ಹೊಸ ಪುಸ್ತಕ ತಂದರು. ಇವತ್ತಿನವರೆಗೂ ತಪ್ಪಿಸಿಲ್ಲ. ಸಂಖ್ಯೆ ಮಾತ್ರ, ಷರಾ ಇಲ್ಲ.

ಟೇಬಲ್‌ಗೆ 2018 ಹೇಗೆ ಹಾಕುವುದು ಅಂತ ಅಪ್ಪನನ್ನು ಕೇಳಿದೆ. "ಪಕ್ಕದ್ ತೋಟದವ್ರ ಲೆಕ್ಕ ತಗೊಂಡ್ ಹಾಕ್ಬಿಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಬ್ಯಾಡ ಬಿಡು, ಅವ್ರ್ ಮಳೆ ಬೇರೆ" ಅಂದರು. ಆ ವರ್ಷವನ್ನು ಪೂರ್ತಿ ಬಿಟ್ಟೇಬಿಡೋಣ ಅಂತ ನೋಡಿದೆ. ಆಗ ಗ್ರಾಫ್ ಎಳೆದರೆ ಗೆರೆ 2017ರಿಂದ 2019ಕ್ಕೆ ನೆಟ್ಟಗೆ ಹೋಗುತ್ತಿತ್ತು, ನಡುವೆ ಏನೂ ಆಗೇ ಇಲ್ಲ ಅನ್ನೋ ಹಾಗೆ. ಸೊನ್ನೆ ಹಾಕಿದರಂತೂ ಹಸಿ ಸುಳ್ಳು.

ಕೊನೆಗೆ ಆ ವರ್ಷದ 365 ದಿನಾಂಕಗಳನ್ನೂ ಹಾಕಿ, ಮಳೆ ಕಾಲಮ್ಮು ಖಾಲಿ ಬಿಟ್ಟೆ. ನೋಡಲಿಲ್ಲ ಅಂತ ಅರ್ಥ. ಈಗ ಗ್ರಾಫಿನಲ್ಲಿ ಅಲ್ಲೊಂದು ಕಂಡಿ ಇದೆ.

ಖಾಲಿ ಬಿಟ್ಟರೆ ಜಾಗ ಉಳಿಯುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ಲೆಕ್ಕ ಹಾಕಿ ನೋಡಿದೆ. ಮಳೆಯ 2 ಬೈಟ್ ಉಳಿಯುತ್ತದೆ ನಿಜ, ಆದರೆ ಎಂಟರ ಲೆಕ್ಕಕ್ಕೆ ಸರಿಮಾಡುವಾಗ ಅದು ಮತ್ತೆ ಸೇರಿಕೊಳ್ಳುತ್ತದೆ. ಅಳೆದ ದಿನಕ್ಕೂ 36 ಬೈಟ್, ಅಳೆಯದ ದಿನಕ್ಕೂ 36 ಬೈಟ್. ನಾವು ನೋಡದೆ ಬಿಟ್ಟ ಆ ವರ್ಷ ಟೇಬಲ್‌ನಲ್ಲಿ 13 ಕೆಬಿ ಜಾಗ ಹಿಡಿದು ಕೂತಿದೆ.

ಎಲ್ಲಾ ಸೇರಿ, ಇಂಡೆಕ್ಸ್ ಸಮೇತ, ಎರಡೂಕಾಲು ಎಂಬಿ ಆಸುಪಾಸು. ಆ ಪುಸ್ತಕದ ಒಂದು ಪುಟದ ಫೋಟೋಗಿಂತ ಕಡಿಮೆ. ಆದರೂ ಫೋಟೋಗಳನ್ನು ಅಳಿಸಿಲ್ಲ. 2017ರ ಕೊನೇ ತಿಂಗಳುಗಳಲ್ಲಿ ತಾತನ ಸೊನ್ನೆಗಳು ಪೂರ್ತಿ ಸುತ್ತಿಕೊಂಡಿಲ್ಲ, ಕೈ ನಡುಗಿದೆ. ಟೇಬಲ್‌ನಲ್ಲಿ ಎಲ್ಲಾ ಸೊನ್ನೆಯೂ ಒಂದೇ ಥರ.

ಹೋದ ತಿಂಗಳು ಊರಿಗೆ ಹೋಗಿ ಬಂದೆ. ಅಪ್ಪ ಆ ತಿಂಗಳ ಪುಟದ ಫೋಟೋ ಕಳಿಸಿದ್ದರು, ಟೈಪು ಮಾಡಲಿಕ್ಕೆ. ಎಂದಿನಂತೆ ಬರೀ ಸಂಖ್ಯೆ. ಒಂದು ಭಾನುವಾರದ ಎದುರು ಮಾತ್ರ ಷರಾ ಕಾಲಮ್ಮಿನಲ್ಲಿ ಎರಡು ಪದ ಇತ್ತು. "ಮಗ ಬಂದಿದ್ದ."

29 ಬೈಟ್. ಆ ಸಾಲು 36ರ ಬದಲು 68 ಆಯಿತು. ಇಂಥದ್ದಕ್ಕೆ ಅಂದಾಜಿನಲ್ಲಿ ಇನ್ನು ಮೇಲೆ ಸ್ವಲ್ಪ ಜಾಸ್ತಿಯೇ ಜಾಗ ಇಟ್ಟುಕೊಳ್ಳಬೇಕು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥಾ ಪುಸ್ತಕ ಇದ್ದರೆ, ಗೆದ್ದಲು ಮುಗಿಸುವ ಮೊದಲು ಕೆಳಗಿಳಿಸಿ. ಲೆಕ್ಕ ಹಾಕುವಾಗ ಜನವರಿ ಪುಟ ಒಂದನ್ನೇ ನೋಡಬೇಡಿ :)